ರೋಸ್ವಿತಾ ಕೇಳಿದ ಪ್ರಶ್ನೆ

ಮೂರು ಸಾಲಿನ ಒಂದು ಚೀಟಿಗಾಗಿ ರೋಸ್ವಿತಾ ಕ್ರೆಚ್ಮಾರ್ ಎರಡೂವರೆ ವರ್ಷ ಜೈಲಿನಲ್ಲಿದ್ದಳು. ಅದು ಬರ್ಲಿನ್ ಗೋಡೆ ಬೀಳುವುದಕ್ಕೆ ಹದಿನೆಂಟು ವರ್ಷ ಹಿಂದಿನ ಮಾತು. ನಮ್ಮ ಪೂರ್ವ ಜರ್ಮನಿಯಲ್ಲಿ ಆಗ ಯಾರ ಮನೆಗೆ ಬಂದ ಪತ್ರವನ್ನೂ ಸರ್ಕಾರ ಒಡೆದು ಓದುತ್ತಿತ್ತು. ರೋಸ್ವಿತಾಗೆ ಇಪ್ಪತ್ಮೂರು ವರ್ಷ, ನಮ್ಮ ಲೊಸ್ಸೆನಾವ್ ಪಟ್ಟಣದ ಬೂಟಿನ ಫ್ಯಾಕ್ಟರಿಯಲ್ಲಿ ಕೆಲಸ. ಅವಳ ಪಕ್ಕದ ಯಂತ್ರದಲ್ಲಿ ಅಟ್ಟೆ ಹೊಲಿಯುತ್ತಿದ್ದ ಫೋಲ್ಕರ್ ಎಂಬ ಹುಡುಗ ಒಂದು ಸೋಮವಾರ ಕೆಲಸಕ್ಕೆ ಬರಲಿಲ್ಲ. ಈಜಲು ಹೋಗಿ ಸರೋವರದಲ್ಲಿ ಮುಳುಗಿ ಸತ್ತನೆಂದು ಸೂಪರ್‌ವೈಸರ್ ಹೇಳಿದ. ಶವಪೆಟ್ಟಿಗೆ ಮೊಹರು ಹಾಕಿಕೊಂಡೇ ಊರಿಗೆ ಬಂತು. ಅವನ ತಾಯಿ ಮಾತ್ರ ಮಣ್ಣು ಮಾಡುವ ಮೊದಲು ಬಾಗಿಲು ಹಾಕಿಕೊಂಡು, ಮೊಳೆ ಕೀಳಿಸಿ ನೋಡಿದ್ದಳು. ಬೆನ್ನಲ್ಲಿ ಗುಂಡಿನ ಎರಡು ಗಾಯಗಳಿದ್ದವು. ಗಡಿ ದಾಟಿ ಪಶ್ಚಿಮಕ್ಕೆ ಓಡಲು ಹೊರಟವನನ್ನು ಕಾವಲಿನವರು ಹೊಡೆದುಹಾಕಿದ್ದರು.

ರೋಸ್ವಿತಾ ಆ ತಾಯಿಯ ಮನೆಗೆ ಹೋಗಿ, ಎದುರು ಕೂತು, ಎಲ್ಲವನ್ನೂ ಕೇಳಿ ತಿಳಿದುಕೊಂಡಳು. "ಇದನ್ನ ನಾಲ್ಕು ಜನಕ್ಕೆ ಹೇಳ್ಲಾ ಅಮ್ಮ?" ಎಂದಾಗ ಆ ಹೆಂಗಸು, "ನನ್ ಹೆಸರು ಬರದ ಹಾಗೆ ಹೇಳೋಕಾದ್ರೆ ಹೇಳು. ಆಗಲ್ಲ ಅಂದ್ರೂ ಹೇಳು" ಎಂದಳಂತೆ. ಮಾರನೆಯ ದಿನ ಊಟದ ಬಿಡುವಿನಲ್ಲಿ ರೋಸ್ವಿತಾ ಆಫೀಸಿನ ಟೈಪ್‌ರೈಟರಿನಲ್ಲಿ ನಲವತ್ತು ಚೀಟಿ ಹೊಡೆದಳು. 'ಫೋಲ್ಕರ್ ಮುಳುಗಿ ಸಾಯಲಿಲ್ಲ. ಅವನನ್ನು ಗಡಿಯಲ್ಲಿ ಗುಂಡಿಟ್ಟು ಕೊಂದರು. ಗಾಯವನ್ನು ನೋಡಿದವರಿದ್ದಾರೆ.' ಗೂಟಕ್ಕೆ ನೇತುಹಾಕಿದ್ದ ಕೋಟುಗಳ ಜೇಬಿಗೆ ಒಂದೊಂದು ಚೀಟಿ ಇಳಿಸಿದಳು. ಆ ಟೈಪ್‌ರೈಟರಿನ ಒಂದು ಅಕ್ಷರದ ಬಾಲ ಮುರಿದಿತ್ತು. ಅದೇ ಅವಳನ್ನು ಹಿಡಿದುಕೊಟ್ಟಿತು. ಆರೋಪಪಟ್ಟಿಯಲ್ಲಿ ಬರೆದ ಅಪರಾಧದ ಹೆಸರು 'ಹೆಟ್ಸೆ', ಅಂದರೆ ಜನರನ್ನು ಎತ್ತಿಕಟ್ಟುವುದು. ಆ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದೇ ಮಾತು ಅವಳ ಕೊರಳಿಗೆ ಸುತ್ತಿಕೊಂಡಿತು.

ಜೈಲಿನಿಂದ ಬಂದವಳನ್ನು ಫ್ಯಾಕ್ಟರಿ ಸೇರಿಸಿಕೊಳ್ಳಲಿಲ್ಲ. ನಮ್ಮ ಗಿರಣಿ ಬೀದಿಯಲ್ಲಿ ಊನವಾದ ಕಾಲುಗಳಿಗೆ ಬೂಟು ಮಾಡುವ ಮುದುಕನೊಬ್ಬನಿದ್ದ. ಅವನು ಯಾರ ಮಾತಿಗೂ ಸೊಪ್ಪು ಹಾಕದೆ ಅವಳನ್ನು ಕೆಲಸಕ್ಕೆ ಇಟ್ಟುಕೊಂಡ. ಅವನ ಕಾಲಾನಂತರ ಅಂಗಡಿ ಅವಳದಾಯಿತು. ಎದುರು ಸಾಲಿನಲ್ಲೇ ನನ್ನ ಗಡಿಯಾರ ರಿಪೇರಿಯ ಅಂಗಡಿ. ಮೂವತ್ತು ವರ್ಷ ಬೆಳಗಿನ ಹತ್ತು ಗಂಟೆಯ ಕಾಫಿಯನ್ನು ನಾವಿಬ್ಬರೂ ಒಟ್ಟಿಗೇ ಕುಡಿದಿದ್ದೇವೆ, ಅಷ್ಟೇ ವರ್ಷ ಜಗಳವನ್ನೂ ಆಡಿದ್ದೇವೆ. ದಪ್ಪ ಮೈ, ಗಡಸು ದನಿ, ಬೆರಳ ತುದಿಯಲ್ಲಿ ಸದಾ ಕಪ್ಪು ಮೇಣ. ನಗುವಾಗ ಮೇಜು ಕುಟ್ಟುತ್ತಿದ್ದಳು. ಜೈಲಿನ ಮಾತೆತ್ತಿದರೆ, "ಊಟ ಚೆನ್ನಾಗಿರಲಿಲ್ಲ" ಎಂದಷ್ಟೇ ಹೇಳಿ ಉಳಿ ಎತ್ತಿಕೊಳ್ಳುತ್ತಿದ್ದಳು.

ಎರಡು ಸಾವಿರದ ಐದರಲ್ಲಿ ಊರಿನ ಸಭೆ ಅವಳ ಹೆಸರನ್ನು ಕೋರ್ಟಿನ ಪಂಚರ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಕೆಲವು ಕ್ರಿಮಿನಲ್ ಮೊಕದ್ದಮೆಗಳಲ್ಲಿ ಕಪ್ಪು ನಿಲುವಂಗಿಯ ನ್ಯಾಯಾಧೀಶರ ಎಡಕ್ಕೊಬ್ಬರು ಬಲಕ್ಕೊಬ್ಬರು ಊರಿನ ಸಾಮಾನ್ಯ ಜನ ಕೂರುತ್ತಾರೆ. ಅವರು ಕಾನೂನು ಓದಿರುವುದಿಲ್ಲ, ಆದರೆ ತೀರ್ಪಿನಲ್ಲಿ ಮೂವರದೂ ಸಮಾನ ಮತ. "ಕಟಕಟೆಯಲ್ಲಿ ನಿಂತು ನೋಡಾಯ್ತು ಲೋಥಾರ್, ಈಗ ಮೇಲೆ ಕೂತು ನೋಡೋಣ" ಎಂದು ನನಗೆ ಹೇಳಿ ಹೊಸ ಕೋಟು ಹೊಲಿಸಿದಳು. ಎರಡು ವರ್ಷ ಸೈಕಲ್ ಕಳ್ಳರು, ಹೊಡೆದಾಟದವರು, ಕುಡಿದು ಕಾರು ಓಡಿಸಿದವರು ಬಂದು ಹೋದರು.

ಆಮೇಲೆ ಲೆಮ್ಕೆ ಬಂದ.

ಹಾರ್ಟ್‌ವಿಗ್ ಲೆಮ್ಕೆ ಜಿಲ್ಲಾ ಪಟ್ಟಣದವನು, ನಿವೃತ್ತ ಭೂಮಾಪಕ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ, ಎಲ್ಲರಿಗೂ 'ದಯವಿಟ್ಟು' ಹೇಳುವ ಸಭ್ಯಸ್ಥ. ಹಿಟ್ಲರನ ಕಾಲದಲ್ಲಿ ಯಹೂದಿಗಳ ಕಗ್ಗೊಲೆ ನಡೆದೇ ಇಲ್ಲ, ಅದೆಲ್ಲ ಗೆದ್ದವರು ಕಟ್ಟಿದ ಕಥೆ ಎಂದು ವರ್ಷಗಟ್ಟಲೆ ಕರಪತ್ರ ಬರೆಯುತ್ತಿದ್ದ. ನಮ್ಮ ದೇಶದಲ್ಲಿ ಹಾಗೆನ್ನುವುದು ಅಪರಾಧ. ಅವನಿಗೆ ಎರಡು ಸಲ ದಂಡವಾಗಿತ್ತು. ಮೂರನೆಯ ಸಲ ಅವನು ನಮ್ಮ ಬೀದಿಗೇ ಕೈ ಹಾಕಿದ.

ನಮ್ಮ ಬೀದಿಯ ನಾಲ್ಕನೇ ನಂಬರಿನ ಮನೆಯಲ್ಲಿ ಯುದ್ಧಕ್ಕೆ ಮುಂಚೆ ಹಿರ್ಶ್‌ಬೆರ್ಗ್ ಎಂಬ ಯಹೂದಿ ಕುಟುಂಬವಿತ್ತು. ಬಟ್ಟೆ ವ್ಯಾಪಾರಿ ಅಪ್ಪ, ಅಮ್ಮ, ಹದಿಮೂರರ ಮಗಳು, ಆರು ವರ್ಷದ ಮಗ. ಸಾವಿರದ ಒಂಬೈನೂರ ನಲವತ್ಮೂರರ ಫೆಬ್ರವರಿಯಲ್ಲಿ ನಾಲ್ವರನ್ನೂ ಪೋಲೆಂಡಿನ ಆಶ್ವಿಟ್ಸ್ ಕೊಲೆ ಶಿಬಿರಕ್ಕೆ ಸಾಗಿಸಿದರು. ಎರಡು ಸಾವಿರದ ಏಳರ ವಸಂತದಲ್ಲಿ ಶಾಲೆಯ ಮಕ್ಕಳು ಹಣ ಕೂಡಿಸಿ, ಆ ಮನೆಯ ಮುಂದಿನ ಕಾಲುದಾರಿಯಲ್ಲಿ ಅವರ ಹೆಸರು ಕೆತ್ತಿದ, ಹಿತ್ತಾಳೆ ಹೊದಿಸಿದ ಪುಟ್ಟ ಕಲ್ಲುಗಳನ್ನು ಹುಗಿಸಿದರು. ಒಂದು ವಾರದಲ್ಲಿ ಲೊಸ್ಸೆನಾವಿನ ಅಂಚೆ ಪೆಟ್ಟಿಗೆಗಳಿಗೆಲ್ಲ ಲೆಮ್ಕೆಯ ಹಾಳೆ ಬಂದು ಬಿತ್ತು. ಹಿರ್ಶ್‌ಬೆರ್ಗ್ ಕುಟುಂಬವನ್ನು ಯಾರೂ ಕೊಂದಿಲ್ಲ, ಅವರು ದಕ್ಷಿಣ ಅಮೆರಿಕಕ್ಕೆ ಹೋಗಿ ಸುಖವಾಗಿ ಬಾಳಿದರು, ಮಕ್ಕಳ ತಲೆಗೆ ಸುಳ್ಳು ತುಂಬಲಾಗುತ್ತಿದೆ ಎಂದು ಅದರಲ್ಲಿತ್ತು. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ 'ನಾನು ಪ್ರಶ್ನೆ ಕೇಳುತ್ತಿದ್ದೇನೆ ಅಷ್ಟೆ'.

ಆ ಹಾಳೆ ಹನ್ನೊಂದನೇ ನಂಬರಿನ ಮನೆಗೂ ಬಿತ್ತು. ಅಲ್ಲಿದ್ದವರು ಥೇಯಾ ಕ್ಯೂನಾಸ್ಟ್, ಎಪ್ಪತ್ತೆಂಟರ ವಿಧವೆ, ಹಾಲಿನ ಡೇರಿಯಿಂದ ನಿವೃತ್ತರಾದವರು. ಆ ಹದಿಮೂರರ ಮಗಳು ಅವರೇ. ನಾಲ್ವರಲ್ಲಿ ಮರಳಿ ಬಂದದ್ದು ಅವರೊಬ್ಬರೇ. ಹಳಬರಿಗೆ ಗೊತ್ತಿತ್ತು, ಆದರೆ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಅವರ ಎಡಗಾಲಲ್ಲಿ ಮೂರು ಬೆರಳಿಲ್ಲ, ಬಲಗಾಲಲ್ಲಿ ಎರಡಿಲ್ಲ. ಇಪ್ಪತ್ತು ವರ್ಷದಿಂದ ಆ ಪಾದಗಳ ಅಳತೆ ತೆಗೆದು ಬೂಟು ಮಾಡಿಕೊಡುತ್ತಿದ್ದವಳು ರೋಸ್ವಿತಾ.

"ಇಪ್ಪತ್ತು ವರ್ಷ ಲೋಥಾರ್, ಆ ಪಾದ ನನ್ ಕೈಯಲ್ಲಿತ್ತು" ಎಂದು ಕರಪತ್ರ ಬಂದ ದಿನ ನನಗೆ ಹೇಳಿದಳು. "ಏನಾಯ್ತಮ್ಮ ಅಂತ ಒಂದು ದಿನ ಕೇಳಲಿಲ್ಲ ನಾನು."

"ನಮ್ಮಪ್ಪ ಯುದ್ಧದಲ್ಲಿ ಪೋಲೆಂಡಲ್ಲಿದ್ದ. ಅಲ್ಲೇನು ಮಾಡ್ದೆ ಅಂತ ನಾನೂ ಕೇಳಲಿಲ್ಲ" ಎಂದೆ. ಅವಳು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು.

ನವೆಂಬರಿನಲ್ಲಿ ಮೊಕದ್ದಮೆಯ ದಿನಾಂಕ ಪತ್ರಿಕೆಯಲ್ಲಿ ಬಂತು. ಅದು ರೋಸ್ವಿತಾಳ ಸರದಿಯ ದಿನವೇ ಆಗಿತ್ತು. ನಾನು ಕುಣಿದುಬಿಟ್ಟೆ. "ಒಳ್ಳೇದಾಯ್ತು ಬಿಡು! ಆ ಲೆಮ್ಕೆನ ಒಳಗೆ ತಳ್ಳು!"

ಅವಳ ಮುಖ ಬಿಳುಚಿಕೊಂಡಿತ್ತು. ಪತ್ರಿಕೆಯ ಒಂದು ಪದದ ಮೇಲೆ ಬೆರಳಿಟ್ಟು ತೋರಿಸಿದಳು. ಲೆಮ್ಕೆಯ ಮೇಲೆ ಹಾಕಿದ್ದ ಕಲಮಿನ ಹೆಸರಿನಲ್ಲೂ ಅದೇ 'ಹೆಟ್ಸೆ' ಇತ್ತು.

"ಇದೇ ಪದ ಕಣೋ. ನನ್ನ ಕಾಗದದಲ್ಲೂ ಇದೇ ಇತ್ತು. ಅವನೂ ಚೀಟಿ ಹಂಚ್ದ, ನಾನೂ ಚೀಟಿ ಹಂಚ್ದೆ. ಈಗ ನಾನು ಮೇಲೆ ಕೂತು ಅವನನ್ನ ಒಳಗೆ ಹಾಕ್ಬೇಕಾ?"

"ನಿನ್ ತಲೆ! ನೀನು ಹೇಳಿದ್ದು ನಿಜ, ಅವನು ಹೇಳ್ತಿರೋದು ಸುಳ್ಳು."

"ನಂದು ಸುಳ್ಳು ಅಂತಲೇ ತೀರ್ಪು ಬರೆದಿದ್ರು. ಕೆಳಗೆ ಮೊಹರೂ ಇತ್ತು. ಯಾವುದು ನಿಜ ಅಂತ ಹೇಳೋ ಅಧಿಕಾರ ಒಂದ್ಸಲ ಸರ್ಕಾರದ ಕೈಗೆ ಕೊಟ್ರೆ, ನಾಳೆ ಆ ಕುರ್ಚಿ ಮೇಲೆ ಯಾರು ಕೂತಿರ್ತಾರೋ ಯಾರಿಗೆ ಗೊತ್ತು? ಸುಳ್ಳು ಹೇಳಿದೋರನ್ನೆಲ್ಲಾ ಜೈಲಿಗೆ ಹಾಕೋದಾದ್ರೆ ನಿನ್ನನ್ನೇ ಮೊದಲು ಹಾಕ್ಬೇಕು. ಗುರುವಾರ ಗಡಿಯಾರ ಕೊಡ್ತೀನಿ ಅಂತ ಬೇಕರಿಯೋನಿಗೆ ಹೇಳಿ ಎಷ್ಟು ಗುರುವಾರ ಆಯ್ತು?"

ನಕ್ಕಳು, ಆದರೆ ಮೇಜು ಕುಟ್ಟಲಿಲ್ಲ. ಆ ದಿನವೇ ಕೂತು ಕೋರ್ಟಿಗೆ ಪತ್ರ ಬರೆದಳು: ಮಾತಿನ ಅಪರಾಧಕ್ಕಾಗಿ ನಾನು ಜೈಲು ಕಂಡವಳು, ಮೇಲಾಗಿ ಸಾಕ್ಷಿ ಥೇಯಾ ಕ್ಯೂನಾಸ್ಟ್ ನನ್ನ ಗಿರಾಕಿ, ನಾನು ಕೂರುವುದು ಸರಿಯೇ ಎಂದು ನೀವೇ ನೋಡಿ. ಪತ್ರವನ್ನು ಎರಡೂ ಕಡೆಯವರಿಗೆ ಓದಲು ಕೊಟ್ಟರು. ಸರ್ಕಾರಿ ವಕೀಲ ಆಕ್ಷೇಪಿಸಲಿಲ್ಲ. ಲೆಮ್ಕೆಯಂತೂ ಹಿಗ್ಗಿ ಹೀರೇಕಾಯಿಯಾದನಂತೆ. ಅಂಥ ಹೆಂಗಸೇ ಪಂಚಳಾಗಿ ಬೇಕು ಎಂದು ತನ್ನ ವಕೀಲನಿಂದ ಬರೆಸಿ ಕಳಿಸಿದ.

ಮೊಕದ್ದಮೆಯ ದಿನ ನಾನು ಅಂಗಡಿಗೆ ಬೀಗ ಹಾಕಿ ಮೊದಲ ಬಸ್ಸು ಹಿಡಿದೆ. ಕೋರ್ಟಿನ ಮೆಟ್ಟಿಲ ಮೇಲೆ ಲೆಮ್ಕೆಯ ಕಡೆಯವರು ಬಾಯಿಗೆ ಬಿಳಿಯ ಪಟ್ಟಿ ಅಂಟಿಸಿಕೊಂಡು ನಿಂತಿದ್ದರು. ಒಳಗೆ ಕೂರಲು ಜಾಗವಿರಲಿಲ್ಲ. ನಡುವೆ ನ್ಯಾಯಾಧೀಶೆ ಓಸ್ಟರ್‌ಹೌಸ್. ನಲವತ್ತರ ಆಸುಪಾಸಿನ, ಸಣ್ಣ ದನಿಯ ಹೆಂಗಸು. ಎಡಕ್ಕೆ ಇನ್ನೊಬ್ಬ ಪಂಚ, ಶಾಲಾ ಬಸ್ಸಿನ ಚಾಲಕ. ಬಲಕ್ಕೆ ನಮ್ಮ ರೋಸ್ವಿತಾ, ಹೊಸ ಕೋಟು ಹಾಕಿಕೊಂಡು, ಮೇಣ ಹತ್ತಿದ ಬೆರಳುಗಳನ್ನು ಮೇಜಿನ ಕೆಳಗಿಟ್ಟು ಕೂತಿದ್ದಳು.

ಲೆಮ್ಕೆ ಒಂದು ಗಂಟೆಗೂ ಮೀರಿ ಮಾತಾಡಿದ. ನನಗೆ ಯಾರ ಮೇಲೂ ದ್ವೇಷವಿಲ್ಲ, ಅನುಮಾನ ಪಡುವುದು ಮನುಷ್ಯನ ಹಕ್ಕು, ಉತ್ತರ ಗೊತ್ತಿಲ್ಲದ ಸರ್ಕಾರ ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸುತ್ತಿದೆ ಎಂದ. ಆಮೇಲೆ ನ್ಯಾಯಾಧೀಶೆಯನ್ನು ಬಿಟ್ಟು ನೇರ ರೋಸ್ವಿತಾಳ ಕಡೆ ತಿರುಗಿದ.

"ಕ್ರೆಚ್ಮಾರ್ ಅವರೇ, ಈ ಕೋಣೇಲಿ ನನ್ನ ಕಷ್ಟ ಅರ್ಥ ಆಗೋದು ನಿಮಗೊಬ್ಬರಿಗೇ. ನಿಮ್ಮನ್ನೂ ಒಂದು ಕಾಗದದ ಚೂರಿಗೆ ಜೈಲಿಗೆ ಹಾಕಿದ್ರು. ಅವತ್ತು ನಿಮ್ಮ ಮೇಲೆ ಹೊರಿಸಿದ್ದು ಹೆಟ್ಸೆ, ಇವತ್ತು ನನ್ನ ಮೇಲೆ ಹೊರಿಸಿರೋದೂ ಅದೇ. ಅವತ್ತು ಮೇಲೆ ಕೂತಿದ್ದೋರ ಕೆಲಸಾನ ಇವತ್ತು ನೀವು ಮಾಡ್ತೀರಾ? ದಯವಿಟ್ಟು ಹೇಳಿ."

ಎರಡು ವಾರದಿಂದ ಅವಳು ನನಗೆ ಹೇಳುತ್ತಿದ್ದದ್ದನ್ನೇ ಅವನು ಹೇಳಿದ್ದ. ನ್ಯಾಯಾಧೀಶೆ ಬಾಗಿ, "ಇದಕ್ಕೆ ನೀವು ಉತ್ತರಿಸಬೇಕಾಗಿಲ್ಲ" ಎಂದರು.

"ಉತ್ತರ ಕೊಡಲ್ಲ ಮೇಡಂ" ಎಂದಳು ರೋಸ್ವಿತಾ. "ಆದ್ರೆ ಪಂಚರು ಪ್ರಶ್ನೆ ಕೇಳಬಹುದು ಅಂತ ನಿಯಮ ಇದೆಯಲ್ಲ. ನಂದೊಂದು ಪ್ರಶ್ನೆ ಇದೆ."

"ಕೇಳಿ."

ರೋಸ್ವಿತಾ ಎರಡೂ ಕೈಗಳನ್ನು ಮೇಜಿನ ಮೇಲೆ ತಂದಿಟ್ಟಳು. "ಲೆಮ್ಕೆ ಅವ್ರೇ, ಹಾಳೆ ಹಂಚಿದ್ದು ನೀವೇನಾ, ಬೇರೆಯವರ ಕೈಲಿ ಹಂಚಿಸಿದ್ರಾ?"

"ನಾನೇ. ನನಗೇನೂ ನಾಚಿಕೆ ಇಲ್ಲ."

"ಗಿರಣಿ ಬೀದಿ ಹನ್ನೊಂದನೇ ನಂಬರಿಗೂ ನೀವೇ ಹಾಕಿದ್ರಾ?"

"ಎಲ್ಲಾ ಮನೆಗೂ ಹಾಕಿದೀನಿ."

"ಆ ಮನೇಲಿ ಹಿರ್ಶ್‌ಬೆರ್ಗ್ ಅವರ ಮಗಳು ಇದ್ದಾರೆ ಅಂತ ಗೊತ್ತಿತ್ತಾ?"

ಲೆಮ್ಕೆ ವಕೀಲನ ಮುಖ ನೋಡಿದ. "ಕಲ್ಲು ಹುಗಿಸಿದ ದಿನ ಪೇಪರಲ್ಲಿ ಬಂದಿತ್ತು. ಗೊತ್ತಿತ್ತು."

"ಆ ಬಾಗಿಲಲ್ಲಿ ಅಂಚೆ ಪೆಟ್ಟಿಗೆ ಇದೆ. ಅದರಿಂದ ಒಂದು ಗೇಣು ಮೇಲೆ ಕರೆಗಂಟೆ ಇದೆ. ಒತ್ತಿದ್ರಾ?"

ಅವನು ಅಂಗಿಯ ತೋಳಿನ ಗುಂಡಿ ತಿರುವಿದ.

"ನೀವು ಪ್ರಶ್ನೆ ಕೇಳೋ ಮನುಷ್ಯ ಅಂತ ಒಂದು ಗಂಟೆಯಿಂದ ಹೇಳ್ತಿದೀರಿ. ಆ ಮನೆಯವರು ದಕ್ಷಿಣ ಅಮೆರಿಕಕ್ಕೆ ಹೋದ್ರಾ, ಸತ್ರಾ ಅಂತ ಕಣ್ಣಾರೆ ಕಂಡೋರು ಈ ಇಡೀ ಜಿಲ್ಲೇಲಿ ಒಬ್ಬರೇ ಇದ್ರು. ನೀವು ಅವರ ಬಾಗಿಲಿಗೆ ಹೋಗಿ ನಿಂತಿದ್ರಿ. ಕೇಳಿದ್ರಾ?"

"ಅದು... ಅದು ಸೂಕ್ತ ಅನ್ನಿಸಲಿಲ್ಲ."

"ಹೌದಾ, ಇಲ್ವಾ?"

"ಇಲ್ಲ."

"ನನ್ನ ಚೀಟಿ ವಿಷಯ ನೀವೇ ಎತ್ತಿದ್ರಿ, ಅದಕ್ಕೆ ಇನ್ನೊಂದು ಕೇಳ್ತೀನಿ. ಆ ಚೀಟಿ ಬರೆಯೋಕೆ ಮುಂಚೆ ನಾನು ಸತ್ತವನ ತಾಯಿ ಮನೆಗೆ ಹೋಗಿ ಕೂತು ಕೇಳಿದ್ದೆ ಅನ್ನೋದು ನಿಮಗೆ ಗೊತ್ತಾ? ಅವನು ಗುಂಡೇಟಿಗೆ ಸತ್ತೇ ಇಲ್ಲ, ಎಲ್ಲಾ ಕಟ್ಟುಕಥೆ ಅಂತ ಆ ತಾಯಿಗೆ ಹೇಳ್ತಿದ್ದೋರು ಯಾರು ಅಂತ ಗೊತ್ತಾ? ನನ್ನನ್ನ ಜೈಲಿಗೆ ಹಾಕಿದವರು ಕಣ್ರೀ. ಈಗ ಹೇಳಿ, ನೀವು ನನ್ನ ಹಾಗಿದೀರಾ, ಅವರ ಹಾಗಿದೀರಾ?"

ಲೆಮ್ಕೆಯ ವಕೀಲ ಬೆಂಕಿ ತಾಗಿದವನಂತೆ ಎದ್ದ. ಇದು ಪ್ರಶ್ನೆಯಲ್ಲ, ಭಾಷಣ. ಈ ಪಂಚಳಿಗೆ ಪಕ್ಷಪಾತವಿದೆ, ಇವಳನ್ನು ಕೆಳಗಿಳಿಸಿ ಎಂದು ಅರ್ಜಿ ಕೊಟ್ಟ. ಒಂದು ಗಂಟೆ ಕಲಾಪ ನಿಂತಿತು. ಮೊಗಸಾಲೆಯಲ್ಲಿ ಕೈಕಟ್ಟಿಕೊಂಡು ನಿಂತಿದ್ದ ರೋಸ್ವಿತಾಳ ಹತ್ತಿರ ಹೋಗಲು ನನಗೆ ಅವಕಾಶವಿರಲಿಲ್ಲ, ದೂರದಿಂದಲೇ ನೋಡಿದೆ. ನ್ಯಾಯಾಧೀಶೆ ವಾಪಸು ಬಂದು ತಮ್ಮ ಸಣ್ಣ ದನಿಯಲ್ಲೇ ಅರ್ಜಿಯನ್ನು ತಳ್ಳಿಹಾಕಿದರು. ಪಂಚಳ ಹಳೆಯ ಶಿಕ್ಷೆಯನ್ನು ಎತ್ತಿ ಅವಳಿಂದ ಉತ್ತರ ಬೇಡಿದವನು ಆರೋಪಿಯೇ. ಮಾತು ಬೇಕೆಂದು ಕೇಳಿದವನು ಮಾತು ಬಂದಾಗ ದೂರುವಂತಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ ಬೈಸಿಕೊಂಡರು. ಅದು ನಾನೇ.

ಮಧ್ಯಾಹ್ನ ಥೇಯಾ ಕ್ಯೂನಾಸ್ಟ್ ಸಾಕ್ಷಿ ಹೇಳಲು ಬಂದರು. ನ್ಯಾಯಾಧೀಶೆಗೆ ಬೇಕಾಗಿದ್ದದ್ದು ಒಂದೇ ಮಾತು, ಹಾಳೆ ಮನೆಗೆ ಬಂತೇ ಇಲ್ಲವೇ. ಕಗ್ಗೊಲೆ ನಡೆದದ್ದನ್ನು ನಮ್ಮ ಕೋರ್ಟುಗಳಲ್ಲಿ ಮತ್ತೆ ರುಜುವಾತು ಮಾಡಬೇಕಾಗಿಲ್ಲ. ಸೂರ್ಯ ಮೂಡುತ್ತಾನೆ ಎಂಬಷ್ಟೇ ಗೊತ್ತಿರುವ ಸಂಗತಿ ಅದು. ಥೇಯಾ "ಬಂತು" ಎಂದರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಲೆಮ್ಕೆಯ ವಕೀಲನಿಗೆ ಬೆಳಗಿನ ಉರಿ ಆರಿರಲಿಲ್ಲ.

"ಅರವತ್ತೆರಡು ವರ್ಷ ಈ ವಿಷಯ ನೀವು ಯಾರಿಗೂ ಹೇಳಿಲ್ಲ, ಅಲ್ವಾ? ಯಾಕೆ ಅಂತ ಕೇಳಬಹುದಾ?"

ಥೇಯಾ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಬೇಕಾದ್ರೆ ಕೇಳಪ್ಪ. ನೀನೇ ಮೊದಲ್ನೇವ್ನು ಕೇಳ್ತಿರೋದು."

"ಹೇಳಿ ಹಾಗಾದ್ರೆ."

ಕೇಳಬಾರದಿತ್ತೆಂದು ಅವನಿಗೆ ಒಂದೇ ನಿಮಿಷದಲ್ಲಿ ಗೊತ್ತಾಗಿರಬೇಕು. ಥೇಯಾ ಕುರ್ಚಿಯನ್ನು ಲೆಮ್ಕೆಯ ಕಡೆಗೆ ತಿರುಗಿಸಿಕೊಂಡು ಕೂತರು. ನಲವತ್ತು ನಿಮಿಷ ಮಾತಾಡಿದರು. ಅಳಲಿಲ್ಲ, ದನಿ ಏರಿಸಲಿಲ್ಲ. ರೈಲಿನಿಂದ ಇಳಿದ ಕೂಡಲೇ ಪಟ್ಟೆ ಅಂಗಿಯ ಕೈದಿಯೊಬ್ಬ 'ಹದಿನಾರು ಅನ್ನು' ಎಂದು ಕಿವಿಯಲ್ಲಿ ಉಸುರಿದ್ದು, ತಾನು ಹದಿನಾರು ಎಂದದ್ದು, ತನ್ನನ್ನು ಬಲಕ್ಕೆ, ದುಡಿಸುವವರ ಸಾಲಿಗೆ ತಳ್ಳಿದ್ದು. ತಮ್ಮ ಎರ್ವಿನ್ ಅಮ್ಮನ ಕೈ ಬಿಡದೆ ಎಡಕ್ಕೆ, ವಿಷಾನಿಲದ ಕೋಣೆಗೆ ಹೋಗುವ ಸಾಲಿಗೆ ಹೋದದ್ದು. ಅವನ ಕಾಲುಚೀಲ ಜಾರಿತ್ತು, ಅಮ್ಮ ಸಾಲಿನಲ್ಲೇ ಬಗ್ಗಿ ಅದನ್ನು ಮೇಲೆಳೆದದ್ದೇ ತಾನು ಕಂಡ ಕೊನೆಯದು. ಅಪ್ಪ ಏಪ್ರಿಲಿನವರೆಗೆ ಬದುಕಿದ್ದರು. ಎರಡು ವರ್ಷದ ಮೇಲೆ ಜನವರಿಯ ಹಿಮದಲ್ಲಿ ಕೈದಿಗಳನ್ನು ಹಗಲೂ ರಾತ್ರಿ ನಡೆಸಿಕೊಂಡು ಹೋದರು. "ಕಾಲಲ್ಲಿ ಇದ್ದದ್ದು ಬರೀ ಚಿಂದಿ. ನನ್ನ ಕಾಲು ಏನಾಯ್ತು ಅನ್ನೋದಕ್ಕೆ ಸಾಕ್ಷಿ ಬೇಕಾದ್ರೆ ಅಲ್ಲಿ ಮೇಲೆ ಕೂತಿದಾಳಲ್ಲ, ಆ ಹುಡುಗೀನ ಕೇಳಿ" ಎಂದರು. ಐವತ್ತೊಂಬತ್ತು ವರ್ಷದ 'ಹುಡುಗಿ' ಮೇಲೆ ಕೂತು ಕಣ್ಣೀರು ಸುರಿಸುತ್ತಿದ್ದಳು, ಒರೆಸಿಕೊಳ್ಳಲೂ ಇಲ್ಲ.

ಕೊನೆಗೆ ಥೇಯಾ ಲೆಮ್ಕೆಗೆ ಹೇಳಿದರು, "ನೋಡಿ, ನೀವು ನಮ್ಮನೆಗೆ ಬಂದು ಕೇಳಿದ್ರೆ ಕಾಫಿ ಕೊಟ್ಟು ಇಷ್ಟನ್ನೂ ಹೇಳ್ತಿದ್ದೆ. ಈಗಲೂ ಏನಾದ್ರೂ ಕೇಳೋದಿದ್ರೆ ಕೇಳಿ. ನಾನು ಇಲ್ಲೇ ಇದೀನಿ."

ಲೆಮ್ಕೆ ಮುಂದಿದ್ದ ಕಾಗದಗಳನ್ನು ಅಂಚು ಸರಿಮಾಡಿ ಜೋಡಿಸುತ್ತ ಕೂತ. ಅವನ ಕಡೆಯವರಲ್ಲೊಬ್ಬ, ಇನ್ನೂ ಮೀಸೆ ಚಿಗುರುತ್ತಿದ್ದವನು, ಎದ್ದು ಹೊರಗೆ ಹೋದ. ಆಮೇಲೆ ನಾವು ಹೊರಟಾಗ ನೋಡಿದರೆ ಬಿಳಿಯ ಪಟ್ಟಿಯೊಂದು ಮೆಟ್ಟಿಲ ಮೇಲೆ ಬಿದ್ದಿತ್ತು.

ತೀರ್ಪು ಮಾರನೆಯ ದಿನ ಬಂತು. ಅಪರಾಧ ಸಾಬೀತು, ಎಂಟು ತಿಂಗಳ ಶಿಕ್ಷೆ, ಆದರೆ ಕಂಬಿಯ ಹಿಂದಲ್ಲ. ಮೂರು ವರ್ಷ ಮತ್ತೆ ಅಂಥ ಹಾಳೆ ಹಂಚದಿದ್ದರೆ ಜೈಲು ಕಾಣಬೇಕಾಗಿಲ್ಲ. ಈಗಲೇ ಒಳಗೆ ಹಾಕಿ ಎಂದಿದ್ದ ಸರ್ಕಾರಿ ವಕೀಲನಿಗೆ ಸಮಾಧಾನವಾಗಲಿಲ್ಲ. ನ್ಯಾಯಾಧೀಶೆ ಓದಿದ ಕಾರಣಗಳಲ್ಲಿ ಒಂದು ಸಾಲು ನನಗೆ ಇನ್ನೂ ಬಾಯಿಪಾಠ: 'ಈತನಿಗೆ ಶಿಕ್ಷೆಯಾದದ್ದು ಸಂದೇಹಪಟ್ಟಿದ್ದಕ್ಕಲ್ಲ, ಸತ್ತವರ ಸಾವನ್ನು ಕಸಿದು, ಬದುಕುಳಿದವರನ್ನು ಸುಳ್ಳರೆಂದು ಅವರ ಬೀದಿಯಲ್ಲೇ ಸಾರಿದ್ದಕ್ಕೆ.'

ಕೋಣೆಯೊಳಗೆ ಮೂವರು ಏನು ಮಾತಾಡಿಕೊಂಡರು, ಯಾರು ಯಾವ ಕಡೆ ಮತ ಹಾಕಿದರು ಎಂಬುದು ಗುಟ್ಟು. ಪಂಚರು ಅದನ್ನು ಸಾಯುವತನಕ ಹೇಳುವಂತಿಲ್ಲ. ನಾನು ಎಷ್ಟು ಕೆಣಕಿದರೂ ರೋಸ್ವಿತಾ ಬಾಯಿ ಬಿಡಲಿಲ್ಲ. "ಜೈಲು ಬೇಡ ಅಂದಿದ್ದು ನೀನೇ ತಾನೆ?" ಎಂದರೆ, "ಬೇಕರಿಯೋನ ಗಡಿಯಾರ ಆಯ್ತಾ?" ಎನ್ನುತ್ತಿದ್ದಳು.

ಆದರೆ ತೀರ್ಪು ಬಂದ ಸಂಜೆ ಬಸ್ಸಿಳಿದಾಗ ನಮ್ಮ ಬೀದಿಯಲ್ಲಿ ನಡೆದದ್ದು ಗುಟ್ಟಲ್ಲ. ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಬೇಕರಿಯವನು ಈರುಳ್ಳಿ ಕೇಕಿನ ಎರಡು ತಟ್ಟೆಗಳನ್ನು ಬೀದಿಗೇ ತಂದಿಟ್ಟಿದ್ದ. ಜನ ಬಾಗಿಲು ಬಾಗಿಲಿನಿಂದ ಇಳಿದು ಬಂದು ಥೇಯಾ ಅವರ ಸುತ್ತ ನಿಂತರು. ಅರವತ್ತು ವರ್ಷ ಅವರ ನೆರೆಹೊರೆಯಲ್ಲೇ ಇದ್ದವರು ಏನು ಹೇಳುವುದೆಂದು ತಿಳಿಯದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಥೇಯಾ ಅವರೇ, "ಏನ್ ನಿಂತ್ಕೊಂಡು ನೋಡ್ತೀರಾ? ಕೇಕ್ ಆರೋಗ್ತಿದೆ" ಎಂದು ಗದರಿದರು. ಆಗ ಎಲ್ಲರಿಗೂ ಒಟ್ಟಿಗೇ ನಗು ಬಂತು. ಕೆಲವರಿಗೆ ಅಳುವೂ ಬಂತು.

ಲೆಮ್ಕೆ ಮೇಲಿನ ಕೋರ್ಟಿಗೆ ಹೋದ, ಅಲ್ಲೂ ಸೋತ. ಇಷ್ಟಾದ ಮೇಲೆ ರೋಸ್ವಿತಾ ಊರಿನ ಕಣ್ಮಣಿಯಾಗಿಬಿಟ್ಟಳು. ಆ ಹುರುಪಿನಲ್ಲಿ ನಮ್ಮ ನಗರಸಭೆಯ ಸದಸ್ಯನೊಬ್ಬ ಹೊಸ ನಿರ್ಣಯ ತಂದ. ಹಳೆಯ ಪೂರ್ವ ಜರ್ಮನಿಯ ಗಡಿಯಲ್ಲಿ ಯಾರನ್ನೂ ಕೊಂದಿಲ್ಲ ಎಂದು ವಾದಿಸುವ ಮುದುಕರು ಇನ್ನೂ ಇದ್ದರು. ಅವರ ಬಾಯನ್ನೂ ಕಾನೂನಿನಿಂದ ಮುಚ್ಚಿಸಿ ಎಂದು ರಾಜಧಾನಿಗೆ ಬರೆಯೋಣ ಎಂದ. ಮೊದಲ ಸಹಿ ರೋಸ್ವಿತಾಳದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಸಭೆಯಲ್ಲಿ ಅವಳ ಕೈಗೆ ಪೆನ್ನನ್ನೂ ಕೊಟ್ಟರು.

ಅವಳು ಪೆನ್ನು ಕೆಳಗಿಟ್ಟು ಎದ್ದು ನಿಂತಳು. "ನಾನು ಹಾಕಲ್ಲ" ಎಂದಳು.

"ಯಾಕಮ್ಮ? ನಿಮ್ಮ ಫೋಲ್ಕರ್ ವಿಷಯ ಅಲ್ವಾ ಇದು?" ಎಂದ ಸದಸ್ಯ, ಕಕ್ಕಾಬಿಕ್ಕಿಯಾಗಿ.

"ನಮ್ಮ ಫೋಲ್ಕರ್ ವಿಷಯವೇ, ಅದಕ್ಕೇ. ಅವನು ಮುಳುಗಿ ಸತ್ತ ಅಂತ ಇನ್ನೂ ಹೇಳೋ ಮುದುಕರು ತಮ್ಮ ಮಾನ ಉಳಿಸಿಕೊಳ್ಳೋಕೆ ಒದ್ದಾಡ್ತಿದಾರೆ. ಅವರ ಬಾಯಿಗೆ ನಾನೇ ಸಾಕು, ಪೊಲೀಸ್ ಬೇಡ. ಲೆಮ್ಕೆಯಂಥೋರು ಹಾಗಲ್ಲ. ಕಗ್ಗೊಲೆ ಆಗಲೇ ಇಲ್ಲ ಅಂತ ಅವರು ಹೇಳೋದು, ಅದು ಇನ್ನೊಂದ್ಸಲ ಆಗಲಿ ಅಂತ. ಅದಕ್ಕೊಂದು ಕಾನೂನು ಇದೆ, ಇರಲಿ. ಆ ಕಾನೂನಿಗಾಗಿ ಮೇಲೆ ಕೂರೋವಾಗ ನನಗೆ ಎಷ್ಟು ಭಯ ಆಯ್ತು ಅಂತ ನಿಮಗೆ ಗೊತ್ತಿಲ್ಲ. ಅದನ್ನ ಉದ್ದ ಮಾಡ್ತಾ ಹೋಗ್ಬೇಡಿ. ಅದರ ಬಾಲ ಕೊನೆಗೆ ಎಂಥೋರ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ ಅಂತ ನಾನು ನೋಡಿದೀನಿ."

ಅವಳ ಲೆಕ್ಕ ಸರಿಯೋ ತಪ್ಪೋ ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ. ಒಂದು ಸುಳ್ಳಿಗೆ ಕಾನೂನಿದ್ದರೆ ಇನ್ನೊಂದಕ್ಕೇಕೆ ಬೇಡ ಎಂದು ಬೆಳಗಿನ ಕಾಫಿಯಲ್ಲಿ ಅವಳನ್ನು ಹಿಡಿದು ಪೀಡಿಸಿದ್ದೇನೆ. "ಬೂಟಿನಲ್ಲೂ ಹಂಗೇ. ಒಂದು ಕಾಲಿಗೆ ಮಾಡಿದ ಅಚ್ಚು ಇನ್ನೊಂದಕ್ಕೆ ಹಾಕಿದ್ರೆ ಗಾಯ ಆಗುತ್ತೆ" ಎಂದಳು. ನಾನು ಒಪ್ಪಲಿಲ್ಲ. ಆದರೆ ನಿರ್ಣಯಕ್ಕೆ ಆ ದಿನ ಬಿದ್ದದ್ದು ಎರಡೇ ಮತ. ಊರಿನಲ್ಲಿ ಅವಳ ಗೌರವ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು.

ಮುಂದಿನ ವಸಂತದಲ್ಲಿ ಶಾಲೆಯವರು ಥೇಯಾ ಅವರನ್ನು ಮಾತಿಗೆ ಕರೆದರು. ಮೂವತ್ತು ಮಕ್ಕಳ ಒಂದು ತರಗತಿ ಎಂದು ಹೇಳಿ ಕರೆದುಕೊಂಡು ಹೋದವರು ಆಟದ ಹಜಾರದ ಬಾಗಿಲು ತೆರೆದರು. ಒಳಗೆ ನಾನೂರು ಜನ ಇದ್ದರು. ಕುರ್ಚಿ ಸಾಲದೆ ಜನ ಕಿಟಕಿ ಕಟ್ಟೆಯ ಮೇಲೂ ಕೂತಿದ್ದರು. ನ್ಯಾಯಾಧೀಶೆ ಓಸ್ಟರ್‌ಹೌಸ್ ಹಿಂದಿನ ಸಾಲಿನಲ್ಲಿದ್ದರು, ಬಸ್ ಚಾಲಕ ಹೆಂಡತಿಯ ಜೊತೆ ಬಂದಿದ್ದ. ಥೇಯಾ ಬಾಗಿಲಲ್ಲೇ ನಿಂತುಬಿಟ್ಟರು.

"ಇಷ್ಟೊಂದು ಜನ! ನನ್ನಿಂದಾಗಲ್ಲ ಕಣೇ ರೋಸಿ."

"ಯಾಕಾಗಲ್ಲ? ಒಬ್ಬ ವಕೀಲನ್ನ ಕೂತಲ್ಲೇ ಹೆಪ್ಪುಗಟ್ಟಿಸಿದೋರು ನೀವು. ಇವು ಮಕ್ಕಳು, ನಡೀರಿ."

ಥೇಯಾ ನಡೆದರು. ಆ ಉದ್ದನೆಯ ಹಜಾರದಲ್ಲಿ ರೋಸ್ವಿತಾ ಮಾಡಿಕೊಟ್ಟಿದ್ದ ಬೂಟು ಮೆಟ್ಟಿ, ಕೋಲಿಲ್ಲದೆ, ಯಾರ ತೋಳನ್ನೂ ಹಿಡಿಯದೆ ನಡೆದರು. ಮುಂದಿನ ಸಾಲಿನವರು ಎದ್ದು ನಿಂತರು, ಅವರನ್ನು ನೋಡಿ ಹಿಂದಿನವರು ಎದ್ದರು. ವೇದಿಕೆ ಮುಟ್ಟುವಷ್ಟರಲ್ಲಿ ಇಡೀ ಹಜಾರ ನಿಂತಿತ್ತು. ಥೇಯಾ ಕೂತು, ನೀರು ಕುಡಿದು, ಮೈಕನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದರು.

"ಸರಿ" ಎಂದರು. "ಯಾರು ಮೊದಲು ಕೇಳ್ತೀರಾ?"

ಕೈಗಳು ಮೇಲೇಳತೊಡಗಿದವು. ಎಡಗಡೆ ನಾಲ್ಕು, ಕಿಟಕಿಯ ಹತ್ತಿರ ಹತ್ತು. ನಾನು ಎಣಿಸುತ್ತ ಹೋದೆ, ಅರವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. ಪಕ್ಕದಲ್ಲಿ ರೋಸ್ವಿತಾ ಸಂತೋಷ ತಡೆಯಲಾರದೆ ಮುಂದಿನ ಕುರ್ಚಿಯ ಬೆನ್ನನ್ನು ಕುಟ್ಟುತ್ತಿದ್ದಳು, ಅಲ್ಲಿ ಕೂತಿದ್ದ ಮೇಯರ್ ತಿರುಗಿ ನೋಡಿದರೂ ಬಿಡದೆ.